ಒಸುತಾಕ ಬೆಟ್ಟದ ದೀಪಗಳು

ಪ್ರತಿವರ್ಷ ಆಗಸ್ಟ್ 11ರ ಸಂಜೆ ಜಪಾನಿನ ಗುನ್ಮಾ ಪ್ರಾಂತ್ಯದ ಉಯೆನೊ ಎಂಬ ಹಳ್ಳಿಗೆ ದೂರದೂರುಗಳಿಂದ ಜನ ಬಂದು ಸೇರುತ್ತಾರೆ. ಅವರ ಕೈಯಲ್ಲಿ ಕಾಗದದ ದೀಪದ ಗೂಡುಗಳು. ಗೂಡಿನ ಮೇಲೆ ತೀರಿಕೊಂಡವರಿಗೆ ಬರೆದ ಒಂದೆರಡು ಮಾತು. ಕತ್ತಲು ಕವಿಯುತ್ತಿದ್ದಂತೆ ಅವನ್ನು ಕನ್ನಾ ಹೊಳೆಯಲ್ಲಿ ತೇಲಿಬಿಡುತ್ತಾರೆ. ಮರುದಿನ ಇವರೇ ಊರುಗೋಲು ಹಿಡಿದು ಬೆಟ್ಟ ಹತ್ತುತ್ತಾರೆ.

ಇದರ ಹಿಂದಿರುವುದು 1985ರ ಆಗಸ್ಟ್ 12ರ ದುರಂತ. ಆ ಸಂಜೆ 6 ಗಂಟೆ 12 ನಿಮಿಷಕ್ಕೆ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನ ಟೋಕಿಯೋದಿಂದ ಒಸಾಕಾಕ್ಕೆ ಹೊರಟಿತು. ಒಳಗೆ 524 ಮಂದಿ. ಅದು ಬೋನ್ ಹಬ್ಬದ ಕಾಲ. ನಮ್ಮಲ್ಲಿ ಮಹಾಲಯದಲ್ಲಿ ಹಿರಿಯರನ್ನು ನೆನೆಯುವಂತೆ, ಜಪಾನಿನವರು ಆ ದಿನಗಳಲ್ಲಿ ಊರಿಗೆ ಮರಳಿ ಪಿತೃಗಳನ್ನು ನೆನೆಯುತ್ತಾರೆ. ಹಾಗೆ ಊರಿಗೆ ಹೊರಟವರೇ ವಿಮಾನದಲ್ಲಿ ಅನೇಕರು.

ಸುಮಾರು ಹನ್ನೆರಡು ನಿಮಿಷ ಕಳೆದಿತ್ತು, ಹಿಂಭಾಗದಲ್ಲಿ ಭಾರಿ ಸದ್ದಾಯಿತು. ಬಾಲದ ಲಂಬ ರೆಕ್ಕೆಯ ಬಹುಭಾಗ ಕಿತ್ತುಹೋಯಿತು. ವಿಮಾನವನ್ನು ನಿಯಂತ್ರಿಸುವ ನಾಲ್ಕೂ ಹೈಡ್ರಾಲಿಕ್ ವ್ಯವಸ್ಥೆಗಳು ಕೆಟ್ಟವು. ಚಾಲಕರು ಮುಖ್ಯವಾಗಿ ಎಂಜಿನ್ನುಗಳ ವೇಗವನ್ನು ಹೆಚ್ಚುಕಡಿಮೆ ಮಾಡುತ್ತ 32 ನಿಮಿಷ ಹೆಣಗಿದರು. ಸಾವು ಎದುರಿಗಿದೆಯೆಂದು ತಿಳಿದ ಕೆಲವು ಪ್ರಯಾಣಿಕರು ಆ ಅವಧಿಯಲ್ಲೇ ಸಿಕ್ಕ ಕಾಗದದ ಮೇಲೆ ಮನೆಯವರಿಗೆ ನಾಲ್ಕು ಸಾಲು ಬರೆದಿಟ್ಟರು. 6 ಗಂಟೆ 56 ನಿಮಿಷಕ್ಕೆ ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. ಬದುಕಿದವರು ನಾಲ್ವರು, ಎಲ್ಲರೂ ಹೆಣ್ಣುಮಕ್ಕಳು. ಉಳಿದ 520 ಮಂದಿ ಅಸುನೀಗಿದರು. ಒಂದೇ ವಿಮಾನದ ಅಪಘಾತದಲ್ಲಿ ಇಷ್ಟು ಜನ ಸತ್ತದ್ದು ಬೇರೆಲ್ಲೂ ಇಲ್ಲ.

ಒಂದು ಸಾಲು ರಿವೆಟ್

ಅದೇ ವರ್ಷದ ಡಿಸೆಂಬರಿನಲ್ಲಿ ಬಂಧುಗಳು ‘8.12 ಸಂಪರ್ಕ ಸಂಘ’ ಕಟ್ಟಿಕೊಂಡರು. ಒಬ್ಬರ ದುಃಖಕ್ಕೆ ಇನ್ನೊಬ್ಬರು ಹೆಗಲಾಗುವುದು ಒಂದು ಉದ್ದೇಶ. ಇಂಥ ಸಾವು ಇನ್ನಾರ ಮನೆಗೂ ಬರಬಾರದು ಎಂಬುದು ಇನ್ನೊಂದು. ‘ಹೀಗೇಕಾಯಿತು?’ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ.

1987ರ ತನಿಖಾ ವರದಿ ಉತ್ತರ ಕೊಟ್ಟಿತು. ಎತ್ತರದಲ್ಲಿ ಹೊರಗಿನ ಗಾಳಿ ತೆಳು. ಒಳಗಿನವರ ಉಸಿರಾಟಕ್ಕಾಗಿ ವಿಮಾನದಲ್ಲಿ ಗಾಳಿಯ ಒತ್ತಡವನ್ನು ಹೆಚ್ಚಾಗಿಡುತ್ತಾರೆ. ಆ ಒತ್ತಡವನ್ನು ಬಾಲದ ಕಡೆ ತಡೆದು ನಿಲ್ಲಿಸುವುದು ಬಿಚ್ಚಿದ ಕೊಡೆಯಾಕಾರದ ಲೋಹದ ಗೋಡೆ. 1978ರಲ್ಲಿ ಇದೇ ವಿಮಾನ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿ ಈ ಗೋಡೆ ಹಾಳಾಗಿತ್ತು. ಬೋಯಿಂಗ್ ಕಂಪನಿಯವರು ದುರಸ್ತಿ ಮಾಡಿದಾಗ ಜೋಡಣೆಯ ತಗಡನ್ನು ಅಖಂಡವಾಗಿ ಹಾಕದೆ ಎರಡು ತುಂಡಾಗಿ ಹಾಕಿದರು. ಎರಡು ಸಾಲು ರಿವೆಟ್‌ಗಳು ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು.

ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಏನಾಗುತ್ತದೆ? ಮೊದಲು ಏನೂ ಆಗದು. ಕೊನೆಗೊಮ್ಮೆ ಪಟ್ಟನೆ ಮುರಿಯುತ್ತದೆ. ವಿಮಾನ ಏರಿದಾಗಲೆಲ್ಲ ಗೋಡೆ ಉಬ್ಬುವುದು, ಇಳಿದಾಗ ಸಡಿಲುವುದು. ಹೀಗೆ ಏಳು ವರ್ಷಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಬಾರಿ. ಲೋಹ ದಣಿಯಿತು, ಬಿರುಕು ಬೆಳೆಯಿತು, ತಪಾಸಣೆಗಳಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಬೆಟ್ಟದ ಮೇಲೆ

ಕಡಿದಾದ ಆ ಇಳಿಜಾರಿನಲ್ಲಿ ಈಗ ಹೆಸರು ಬರೆದ ಸ್ಮಾರಕ ಗುರುತುಗಳು ಸಾಲುಸಾಲಾಗಿವೆ. ಬಂಧುಗಳು ಅವುಗಳ ಮುಂದೆ ಹೂವಿಟ್ಟು ಕೈಮುಗಿಯುತ್ತಾರೆ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿ ಪಾನೀಯಗಳನ್ನಿಡುತ್ತಾರೆ. ಗಂಟೆ ಬಾರಿಸುತ್ತಾರೆ. ಮಡಿದ ಮಕ್ಕಳ ನೆನಪಿಗೆ ಸೋಪಿನ ಗುಳ್ಳೆಗಳನ್ನು ಊದಿ ಹಾರಿಬಿಡುತ್ತಾರೆ. ವಿಮಾನ ಸಂಸ್ಥೆಯ ಅಧ್ಯಕ್ಷರೂ ಅಂದು ಬೆಟ್ಟ ಹತ್ತಿ ತಲೆಬಾಗುತ್ತಾರೆ. ಸಂಜೆ ಹಳ್ಳಿಯ ಸ್ಮೃತಿವನದಲ್ಲಿ 520 ಮೇಣದ ಬತ್ತಿಗಳು ಬೆಳಗುತ್ತವೆ. 6 ಗಂಟೆ 56 ನಿಮಿಷಕ್ಕೆ ಎಲ್ಲರೂ ಮೌನ.

ಒಡೆದ ವಿಮಾನದ ಭಾಗಗಳನ್ನು ಉಳಿಸಬೇಕೆಂದು ಬಂಧುಗಳು ಹಟ ಹಿಡಿದು ಕೇಳಿದ್ದರು. ಗುಜರಿಗೆ ಹೋದರೆ ಪಾಠವೂ ಗುಜರಿಗೆ ಹೋದಂತೆ ಎಂಬುದು ಅವರ ನಿಲುವು. 2006ರಲ್ಲಿ ಟೋಕಿಯೋದ ಹನೇಡಾ ನಿಲ್ದಾಣದ ಬಳಿ ಸಂಸ್ಥೆ ಸುರಕ್ಷತಾ ಕೇಂದ್ರ ತೆರೆಯಿತು. ಹರಿದ ಗೋಡೆ, ನಜ್ಜುಗುಜ್ಜಾದ ಆಸನಗಳು, ಪ್ರಯಾಣಿಕರ ಕೊನೆಯ ಬರಹಗಳು ಅಲ್ಲಿವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನ್ನು ನೋಡುವುದು ತರಬೇತಿಯ ಭಾಗ.

2024ರ ಜನವರಿ 2ರಂದು ಅದೇ ಹನೇಡಾದಲ್ಲಿ ಈ ಸಂಸ್ಥೆಯ ವಿಮಾನವೊಂದು ಇಳಿಯುವಾಗ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಬೆಂಕಿಗೆ ಸಿಕ್ಕಿತು. ಕಾವಲು ಪಡೆಯ ಐವರು ಸತ್ತರು. ಆದರೆ ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಅದಕ್ಕೆ ಕಾರಣಗಳು ಹಲವು. ಸಿಬ್ಬಂದಿಯ ಶಿಸ್ತು ಅವುಗಳಲ್ಲಿ ಮುಖ್ಯವಾದುದು. ಆ ಸಿಬ್ಬಂದಿ ಬೆಟ್ಟದ ಕತೆ ಕೇಳಿಯೇ ಕೆಲಸ ಕಲಿತವರು.

2025ಕ್ಕೆ ದುರಂತಕ್ಕೆ ನಲವತ್ತು ವರ್ಷ ತುಂಬಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗೆ ಈಗ ಮುಪ್ಪು. ಹಲವರಿಗೆ ಬೆಟ್ಟ ಹತ್ತಲಾಗದು. ಅವರ ಬದಲು ಮೊಮ್ಮಕ್ಕಳು ಹತ್ತುತ್ತಿದ್ದಾರೆ. ತಾವು ಕಣ್ಣಾರೆ ಕಾಣದವರ ಹೆಸರಿನ ಮುಂದೆ ನಿಂತು, ಆ ದಿನ ಏನಾಯಿತು, ಏಕಾಯಿತು ಎಂದು ಹಿರಿಯರನ್ನು ಕೇಳುತ್ತಾರೆ. ಹಿರಿಯರು ಮತ್ತೆ ಮೊದಲಿನಿಂದ ಹೇಳುತ್ತಾರೆ.