ಭಾರದ ಆಂಪ್ಲಿಫೈಯರಾ, ಹಗುರದ್ದಾ? ಮೈಕ್ ಸೆಟ್‌ನವರು ದುಡ್ಡು ಹಾಕೋ ಮುಂಚೆ ತಿಳಿಯಬೇಕಾದ್ದು

ಚನ್ನಗಿರಿ: ಗಣೇಶನ ಹಬ್ಬ, ಮದುವೆ, ಜಾತ್ರೆ ಅಂದ್ರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಮೈಕ್ ಸೆಟ್‌ನವರಿಗೆ ಕೈ ತುಂಬಾ ಕೆಲಸ. ಸಾಲ ಮಾಡಿ ಹೊಸ ಆಂಪ್ಲಿಫೈಯರ್ ತರುವವರ ಮುಂದೆ ಈಗ ಎರಡು ದಾರಿ ಇವೆ. ಒಂದು, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಭಾರದ ‘ಕ್ಲಾಸ್ ಎಬಿ’. ಇನ್ನೊಂದು, ಒಂದೇ ಕೈಲಿ ಎತ್ತಬಹುದಾದ ‘ಕ್ಲಾಸ್ ಡಿ’. ಹಗುರ ಇದ್ರೆ ಸೌಂಡಲ್ಲಿ ದಮ್ ಇರಲ್ಲ ಅನ್ನೋ ಮಾತು ಮಾತ್ರ ಇನ್ನೂ ಹೋಗಿಲ್ಲ.

ಎಬಿ ಮಾದರಿಯಲ್ಲಿ ಟ್ರಾನ್ಸಿಸ್ಟರ್‌ಗಳು ಅರ್ಧ ತಿರುವಿದ ನಲ್ಲಿ ಇದ್ದಂಗೆ. ತಡೆಹಿಡಿದ ಕರೆಂಟೆಲ್ಲ ಬಿಸಿಯಾಗಿ ಹೋಗುತ್ತದೆ. ಹಿಂದೆ ಫ್ಯಾನ್, ಅಲ್ಯೂಮಿನಿಯಂ ಹೀಟ್‌ಸಿಂಕ್ ಇರೋದು ಅದಕ್ಕೇ. ಡಿ ಮಾದರಿಯಲ್ಲಿ ಅರ್ಧ ಅನ್ನೋದೇ ಇಲ್ಲ. ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ಆನ್, ಪೂರ್ತಿ ಆಫ್. ಕೊನೆಗೆ ಕಾಯಿಲ್ ಮತ್ತು ಕೆಪಾಸಿಟರ್ ಆ ಚೂರುಗಳನ್ನು ಸೋಸಿ ಹಾಡು ಮಾಡುತ್ತವೆ.

ಎಬಿ ಪೂರ್ತಿ ವಾಲ್ಯೂಮಿನಲ್ಲೂ ಲೆಕ್ಕದ ಪ್ರಕಾರ ಶೇ 78ರ ಗಡಿ ದಾಟಲ್ಲ, ಡಿ ಶೇ 90ರ ಹತ್ತಿರ ಹೋಗುತ್ತದೆ. ಆದ್ರೆ ನಿಜವಾದ ವ್ಯತ್ಯಾಸ ಇರೋದು ಮಧ್ಯದ ವಾಲ್ಯೂಮಿನಲ್ಲಿ. ಹಾಡು ಯಾವಾಗಲೂ ಫುಲ್ ಪವರ್ ಕೇಳಲ್ಲ. ಸರಾಸರಿ ಎಂಟನೇ ಒಂದು ಭಾಗ ಅಂತ ಹಿಡಿಯುತ್ತಾರೆ. 1,000 ವ್ಯಾಟಿನ ಮೆಷಿನ್ ಸ್ಪೀಕರಿಗೆ ಸರಾಸರಿ 125 ವ್ಯಾಟ್ ಕೊಡುವಾಗ ಎಬಿ 450ಕ್ಕೂ ಹೆಚ್ಚು ವ್ಯಾಟ್ ಎಳೆಯುತ್ತದೆ, ಡಿ ಸುಮಾರು 170. ಇಂಥ ನಾಲ್ಕು ಮೆಷಿನ್ ಇದ್ರೆ ಒಂದು ಕಡೆ 1,800, ಇನ್ನೊಂದು ಕಡೆ 700. ಕೊಡದಗುಡ್ಡದ ಜಾತ್ರೆಗೋ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೋ ಜನರೇಟರ್ ಹೊತ್ತೊಯ್ಯುವವರಿಗೆ ಇದು ಡೀಸೆಲ್ ಲೆಕ್ಕ. ಹಂಗಂತ ಜನರೇಟರ್ ತೀರಾ ಚಿಕ್ಕದು ತರುವಂತಿಲ್ಲ. ಡ್ರಮ್ ಏಟಿಗೆ ಕ್ಷಣಮಾತ್ರ ಜಾಸ್ತಿ ಬೇಕಾಗುತ್ತದೆ.

ಸೌಂಡ್ ಹೆಂಗೆ? ಶುರುವಿನ ಡಿ ಮೆಷಿನ್‌ಗಳಲ್ಲಿ ಟ್ರೆಬಲ್ ಒರಟಾಗಿತ್ತು ಅನ್ನೋದು ಸುಳ್ಳಲ್ಲ. ಈಗಿನ ಒಳ್ಳೆ ಮೆಷಿನ್ ಬಯಲಲ್ಲಿ ಹಾಕಿದ್ರೆ ಕಿವಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ಸ್ಪೀಕರ್ ಯಾವುದು, ಬಾಕ್ಸ್ ಎಲ್ಲಿಟ್ಟಿದ್ದೀರಿ ಅನ್ನೋದೇ ದೊಡ್ಡದು. ಕ್ಲಿಪ್ ಲೈಟ್ ಉರಿಯೋ ತನಕ ಎತ್ತಿದ್ರೆ ಎರಡು ಮಾದರಿಯಲ್ಲೂ ಡ್ರೈವರ್ ಸುಡುತ್ತದೆ.

ವ್ಯಾಟ್ ಡಬಲ್ ಮಾಡಿದ್ರೆ ಸೌಂಡ್ ಡಬಲ್ ಆಗಲ್ಲ, ಬರೀ 3 ಡೆಸಿಬಲ್ ಏರುತ್ತದೆ. ಪೆಟ್ಟಿಗೆ ಮೇಲಿನ ‘ಪಿಎಂಪಿಒ’ ಸಂಖ್ಯೆ ನಂಬದೆ, ಎಷ್ಟು ಓಂಗೆ ಎಷ್ಟು ಆರ್‌ಎಂಎಸ್ ವ್ಯಾಟ್ ಅಂತ ಕೇಳಿ. ಯಾವ ಮೆಷಿನ್ ಆದ್ರೂ 2000ದ ಶಬ್ದ ಮಾಲಿನ್ಯ ನಿಯಮ ಒಂದೇ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಹಬ್ಬಕ್ಕೆ ಅಂತ ಸಡಿಲ ಕೊಟ್ಟ ದಿನವೂ ರಾತ್ರಿ 12ರವರೆಗೆ ಮಾತ್ರ.

ಡಿ ಮಾದರಿಯ ದೊಡ್ಡ ತಲೆನೋವು ರಿಪೇರಿ. ಎಬಿಯಲ್ಲಿ ಟ್ರಾನ್ಸಿಸ್ಟರ್ ಸುಟ್ಟರೆ ಊರಿನ ಮೆಕ್ಯಾನಿಕ್ಕೇ ಬೆಸುಗೆ ಹಾಕಿ ಕೊಡುತ್ತಾನೆ. ಡಿಯಲ್ಲಿ ಭಾಗಗಳು ಅಕ್ಕಿಕಾಳಿಗಿಂತ ಸಣ್ಣವು. ಬಹಳ ಸಲ ಇಡೀ ಬೋರ್ಡನ್ನೇ ಬದಲಿಸಬೇಕು. ಆ ಬೋರ್ಡ್ ದಾವಣಗೆರೆಯಲ್ಲಾದ್ರೂ ಸಿಗುತ್ತಾ, ರೇಟ್ ಎಷ್ಟು ಅಂತ ಬಿಲ್ ಹಾಕಿಸೋ ಮುಂಚೆಯೇ ಕೇಳಿಕೊಳ್ಳಿ. ಹಳೇ ಎಬಿ ಇದ್ರೆ ಮಾರಬೇಡಿ, ಸ್ಟ್ಯಾಂಡ್‌ಬೈ ಇರಲಿ.