ಮಾಜಿ ಸಿಪಾಯಿಯ ಮನೆಯ ಹೊಸ್ತಿಲು

ಎಲೆಕ್ಟ್ರಾನಿಕ್ ಸಿಟಿಯ ಅನೇಕ ಕಚೇರಿ ಕಾರ್ಖಾನೆಗಳ ಬಾಗಿಲಲ್ಲಿ ಸೇನೆಯಿಂದ ನಿವೃತ್ತನಾದ ಸಿಪಾಯಿಯು ಕಾವಲು ನಿಂತಿರುವುದನ್ನು ವಾಚಕರು ಕಂಡೇ ಇರುವರು. ಬಂದವರ ಚೀಲವನ್ನು ಪರೀಕ್ಷಿಸುವುದು ಆತನ ಉದ್ಯೋಗ. ಆತನು ದೊಡ್ಡತೋಗೂರಿನ ತನ್ನ ಬಾಡಿಗೆಯ ಮನೆಗೆ ಹಿಂದಿರುಗಿದ ಮೇಲೆ ಸೇನೆಯ ತನಿಖೆಗಾರರು ಬಂದು ಆತನ ಪೆಟ್ಟಿಗೆಯನ್ನೂ ಮೊಬೈಲನ್ನೂ ಝಡತಿ ಮಾಡುವೆವೆಂದರೆ, ಅವರಿಗೆ ಆ ಅಧಿಕಾರವುಂಟೆ? ಸೇನಾ ಪೊಲೀಸರನ್ನು ತರಬೇತುಗೊಳಿಸುವ ಕೇಂದ್ರವೇ ನಮ್ಮ ಬೆಂಗಳೂರಿನಲ್ಲಿರುವಾಗ ಈ ಪ್ರಶ್ನೆ ನಮಗೆ ದೂರದ್ದಲ್ಲ.

1950ರ ಭೂಸೇನಾ ಶಾಸನದ 123ನೆಯ ಕಲಮಿನಂತೆ, ನೌಕರಿಯಲ್ಲಿದ್ದಾಗ ಅಪರಾಧವೆಸಗಿದವನನ್ನು ಬಿಡುಗಡೆಯಾದ ನಂತರವೂ ಸೇನೆಯು ವಶಕ್ಕೆ ತೆಗೆದುಕೊಂಡು ವಿಚಾರಿಸಬಹುದು. ಆದರೆ ವಿಚಾರಣೆಯು ಮೂರು ವರ್ಷಗಳೊಳಗೆ ಆರಂಭವಾಗಬೇಕು. ಪರಾರಿ, ಮೋಸದ ಭರ್ತಿ, ದಂಗೆಗಳಿಗೆ ಮಾತ್ರ ಈ ಗಡುವಿಲ್ಲ. ಕಲಮು ಹೇಳುವುದು ಮನುಷ್ಯನ ದಸ್ತಗಿರಿಯ ಮಾತನ್ನು. ಮನೆಯ ಝಡತಿಯ ಮಾತು ಅದರಲ್ಲಿ ಇಲ್ಲ. ಸಂವಿಧಾನದ 33ನೆಯ ಅನುಚ್ಛೇದವು ಹಕ್ಕುಗಳ ಸಂಕೋಚಕ್ಕೆ ಅವಕಾಶ ಕೊಟ್ಟಿರುವುದು ಸೇನೆಯಲ್ಲಿರುವವರ ವಿಷಯದಲ್ಲಿ. ಸಮವಸ್ತ್ರವನ್ನು ಕಳಚಿದವನು ನಮ್ಮಂತೆಯೇ ಪ್ರಜೆ.

ದೇಶದ ಗುಟ್ಟನ್ನು ಬಲ್ಲವನ ಮನೆಯನ್ನು ಶೋಧಿಸಕೂಡದೆಂದರೆ ರಾಷ್ಟ್ರರಕ್ಷಣೆ ಹೇಗೆಂದು ಕೆಲವರು ಕೇಳುವರು. ಶೋಧಿಸಕೂಡದೆಂದು ನಾವು ಹೇಳುವುದಿಲ್ಲ. ದಾರಿ ಬೇರೆ ಉಂಟೆನ್ನುತ್ತೇವೆ. ಗುಪ್ತಚರ ಸಂಸ್ಥೆಯನ್ನು ಕುರಿತು ಪುಸ್ತಕ ಬರೆದ ನಿವೃತ್ತ ಮೇಜರ್ ಜನರಲ್ ವಿ. ಕೆ. ಸಿಂಗರ ಮನೆಯನ್ನು 2007ರಲ್ಲಿ ಶೋಧಿಸಿದವರು ಸಿ.ಬಿ.ಐ.ನವರು, ಸೇನೆಯವರಲ್ಲ. 1923ರ ಅಧಿಕೃತ ರಹಸ್ಯಗಳ ಶಾಸನವೂ ಮ್ಯಾಜಿಸ್ಟ್ರೇಟರ ವಾರಂಟನ್ನೇ ಮುಂದಿಡುತ್ತದೆ. ಅತ್ಯಂತ ತುರ್ತಿನಲ್ಲಿ ಸೂಪರಿಂಟೆಂಡೆಂಟರಿಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಯ ಲಿಖಿತ ಆಜ್ಞೆ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಸ್ಥಳದ ಇಬ್ಬರು ಗೃಹಸ್ಥರು ಪಂಚರಾಗಿರಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ನಕಲು ಮನೆಯವನಿಗೆ ಸಲ್ಲಬೇಕು, ಝಡತಿಯ ಚಿತ್ರೀಕರಣವಾಗಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಆ ತೀರ್ಪಿನ ಫಲ ಕಾವಲುಗಾರನಿಗೂ ಸಲ್ಲತಕ್ಕದ್ದು.

ಆದರೆ ನಿಜವಾದ ಅಪಾಯವಿರುವುದು ಶಾಸನದ ಅಕ್ಷರದಲ್ಲಿ ಅಲ್ಲ, ಸಿಪಾಯಿಯ ಮನಸ್ಸಿನಲ್ಲಿ. ಹದಿನೈದು ಇಪ್ಪತ್ತು ವರ್ಷ ಹುಕುಂ ಎಂದೊಡನೆ ಸೆಟೆದು ನಿಂತವನು, ಪಿಂಚಣಿಯನ್ನೇ ನಂಬಿ ಮಕ್ಕಳನ್ನು ಓದಿಸುತ್ತಿರುವವನು, ಹಳೆಯ ಅಧಿಕಾರಿಯ ಮುಂದೆ "ವಾರಂಟು ಎಲ್ಲಿ?" ಎಂದು ಕೇಳುವನೆ? ಕೇಳಲಾರನು. ಆತನು ಬಾಗಿಲು ತೆರೆದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಬಲು ಸುಲಭ. ಹೆದರಿಕೆಯಿಂದ ಹುಟ್ಟಿದ ಒಪ್ಪಿಗೆ ಒಪ್ಪಿಗೆಯಲ್ಲ.

ಆದಕಾರಣ ನಮ್ಮ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಈ ನಿಯಮಗಳನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ, ನಿವೃತ್ತನಾಗಿ ಬರುವ ಪ್ರತಿಯೊಬ್ಬನ ಕೈಗೆ ಕೊಡಬೇಕೆಂದು ಕೋರುತ್ತೇವೆ. ಸೇನೆಯೂ ತನ್ನ ತನಿಖೆಗಾರರಿಗೆ, ಊರೊಳಗಿನ ಮನೆಗೆ ಹೋಗುವ ಮುನ್ನ ಪೊಲೀಸ್ ಠಾಣೆಯ ಮೂಲಕ ಹೋಗಿರೆಂದು ಆಜ್ಞಾಪಿಸಲಿ. ಗಡಿಯನ್ನು ಕಾದು ಬಂದವನಿಗೆ ತನ್ನ ಹೊಸ್ತಿಲನ್ನು ಕಾಯುವಷ್ಟು ಅರಿವನ್ನು ನಾವು ಕೊಡಲಾರೆವೆ?