ಇಂಜೆಕ್ಷನ್ ಆದ ಹಸುವಿನ ಹಾಲು ಎಂದಿಗೆ ಶುದ್ಧ?

ಹೊಸಕೋಟೆ ಸೀಮೆಯಲ್ಲಿ ಎಚ್‌ಎಫ್ ತಳಿಯ ಹಸು ಕಟ್ಟಿದವರಿಗೆ ಕೆಚ್ಚಲು ಬಾವಿನ ಭಯ ತಪ್ಪಿದ್ದಲ್ಲ. ಹಾಲಲ್ಲಿ ಗರಣೆ ಕಂಡ ಕೂಡಲೇ ಡಾಕ್ಟರನ್ನು ಕರೆಸಿ ಆಂಟಿಬಯೋಟಿಕ್ ಕೊಡಿಸುತ್ತಾರೆ. ಬಾವು ಇಳಿದು ಹಾಲು ಬೆಳ್ಳಗಾಯಿತು ಎನ್ನಿ. ಇನ್ನು ಡೇರಿಗೆ ಹಾಕಬಹುದೇ? ಹಾಲಿನ ಬಣ್ಣ ಇದಕ್ಕೆ ಉತ್ತರ ಹೇಳದು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಅಳತೆಯೂ ಹೇಳದು.

ಉತ್ತರವಿರುವುದು ಕಂಪಾರ್ಟ್‌ಮೆಂಟ್ ಮಾಡೆಲ್ ಎಂಬ ಲೆಕ್ಕದಲ್ಲಿ. ಸ್ವೀಡನ್ನಿನ ವಿಜ್ಞಾನಿ ಟಾರ್ಸ್ಟನ್ ಟಿಯೊರೆಲ್ 1937ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ದೇಹದ ಅಂಗಾಂಗಗಳನ್ನೆಲ್ಲ ಒಂದೆರಡು ಕೋಣೆಗಳೆಂದು ಭಾವಿಸಿ, ಔಷಧ ಎಲ್ಲಿಂದ ಎಲ್ಲಿಗೆ ಯಾವ ವೇಗದಲ್ಲಿ ಸರಿಯುತ್ತದೆಂದು ಲೆಕ್ಕ ಹಾಕುವುದು. ಔಷಧ ಹೆಚ್ಚಿದ್ದಾಗ ಹೆಚ್ಚು ಹೊರಹೋಗುತ್ತದೆ, ಕಡಿಮೆಯಾದಂತೆ ನಿಧಾನವಾಗುತ್ತದೆ. ರಕ್ತನಾಳಕ್ಕೆ ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಹಸುವಿನಲ್ಲಿ ಅರ್ಧಕ್ಕಿಳಿಯಲು ಸುಮಾರು 10 ಗಂಟೆ ಬೇಕು. ಇನ್ನೊಂದು 10 ಗಂಟೆಗೆ ಕಾಲು ಭಾಗ, ಮತ್ತೆ 10 ಗಂಟೆಗೆ ಅರೆಕಾಲು. ಸಾವಿರದಲ್ಲೊಂದು ಪಾಲಿಗೆ ಬರಲು ಹತ್ತು ಸಲ ಅರ್ಧವಾಗಬೇಕು. ಅಂದರೆ 100 ಗಂಟೆ; ನಾಲ್ಕು ದಿನ ದಾಟಿತು.

ಇದು ಒಂದೇ ಕೋಣೆಯ ಲೆಕ್ಕ. ನಿಜ ಇನ್ನೂ ಸೂಕ್ಷ್ಮ. ತಳದಲ್ಲಿ ಸಣ್ಣ ಕೊಳವೆಯಿಂದ ಕೂಡಿಸಿದ ಎರಡು ತೊಟ್ಟಿಗಳಲ್ಲಿ ಒಂದಕ್ಕೆ ಮಾತ್ರ ತೂಬಿದೆ ಅಂದುಕೊಳ್ಳಿ. ಅದಕ್ಕೆ ನೀರು ಸುರಿದರೆ ಮೊದಲು ಮಟ್ಟ ಸರಸರನೆ ಇಳಿಯುತ್ತದೆ: ತೂಬಿನಿಂದ ಹೋದದ್ದು ಒಂದಷ್ಟು, ಪಕ್ಕಕ್ಕೆ ಸರಿದದ್ದು ಒಂದಷ್ಟು. ಮಟ್ಟ ತಗ್ಗಿದ ಮೇಲೆ ಪಕ್ಕದ ನೀರು ವಾಪಸು ಬರತೊಡಗಿ ಇಳಿತ ಮಂದವಾಗುತ್ತದೆ. ರಕ್ತ ಮೊದಲನೆಯ ತೊಟ್ಟಿ, ಮಾಂಸಖಂಡಗಳಂಥ ಅಂಗಾಂಶ ಎರಡನೆಯದು. ಜೆಂಟಾಮೈಸಿನ್ ಅಂತೂ ರಕ್ತದಿಂದ ಬೇಗ ಮರೆಯಾಗಿ ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ.

ಪೆನಿಸಿಲಿನ್ ನೋಡಿ. ಅದು ರಕ್ತದಿಂದ ಬಹಳ ಬೇಗ ಖಾಲಿಯಾಗುವ ಔಷಧ. ಅದೇ ಪ್ರೊಕೇನ್ ಪೆನಿಸಿಲಿನ್ ರೂಪದಲ್ಲಿ ಮಾಂಸಖಂಡಕ್ಕೆ ಕೊಟ್ಟರೆ, ಚುಚ್ಚಿದ ಜಾಗವೇ ಒಂದು ಕೋಣೆಯಾಗಿ ಅಲ್ಲಿಂದ ಗಂಟೆಗಟ್ಟಲೆ ಜಿನುಗುತ್ತಲೇ ಇರುತ್ತದೆ. ಹಾಲಿನಲ್ಲಿ ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಹಾಕಿದ ಮಿತಿಯೋ, ಕೆ.ಜಿ.ಗೆ ಬರೀ 4 ಮೈಕ್ರೋಗ್ರಾಂ.

ಕೆಚ್ಚಲಿನದು ಮತ್ತೊಂದು ವಿಶೇಷ, ನನಗೆ ಬಹಳ ಇಷ್ಟವಾದದ್ದು. ರಕ್ತದ ಪಿಎಚ್ ಸುಮಾರು 7.4, ಹಾಲಿನದು 6.6ರ ಆಸುಪಾಸು. ಎರಿಥ್ರೋಮೈಸಿನ್‌ನಂಥ ಕ್ಷಾರಗುಣದ ಔಷಧ ವಿದ್ಯುದಂಶವಿಲ್ಲದ ರೂಪದಲ್ಲಿ ಹಾಲಿನೊಳಕ್ಕೆ ದಾಟುತ್ತದೆ. ಅಲ್ಲಿನ ಆಮ್ಲತೆಗೆ ವಿದ್ಯುದಂಶ ಪಡೆದು ಹಿಂದಿರುಗಲಾರದೆ ಸಿಕ್ಕಿಬೀಳುತ್ತದೆ. ಹಾಗಾಗಿ ರಕ್ತಕ್ಕಿಂತ ಹಾಲಿನಲ್ಲೇ ಅದು ಹೆಚ್ಚು.

ಹಾಲಿನಲ್ಲಿರುವ ಔಷಧದ ಉಳಿಕೆಯಿಂದ ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಪಾಯ. ಮೊಸರಿನ ಹೆಪ್ಪೂ ಕೆಡಬಹುದು. ಆ ಹಾಲನ್ನು ಕರುವಿಗೆ ಕುಡಿಸಿದರೆ ಅದರ ಕರುಳಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿ. 2012ರಲ್ಲಿ ತಿದ್ದಿದ ನಮ್ಮ ದೇಶದ ಔಷಧ ನಿಯಮದ ಪ್ರಕಾರ, ಎಷ್ಟು ಕಾಲ ಹಾಲು ಬಳಸಬಾರದೆಂದು ಪಶು ಔಷಧದ ಲೇಬಲ್ಲಿನಲ್ಲೇ ಬರೆದಿರಬೇಕು. ಆ ಔಷಧಕ್ಕೆಂದು ಅವಧಿ ಗೊತ್ತುಮಾಡಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಸಬೇಕಾದದ್ದು ಕೊನೆಯ ಡೋಸ್‌ನಿಂದ.